ತೂಕಕ್ಕೆ ಹೋದ ತಪ್ಪಲೆ

ಹೋದ ತಿಂಗಳು ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದಕ್ಕೆ ಹೋಗಿ 40 ಡಾಲರ್ ಕೊಟ್ಟು ಒಂದು ಹಳದಿ ಬಟ್ಟಲು ತಂದೆ. ಪೈರೆಕ್ಸ್ ಗಾಜಿನದು. ಅಂಗಡಿಯ ವೃದ್ಧೆ ಅದನ್ನು ಕಾಗದದಲ್ಲಿ ಸುತ್ತುವ ಮೊದಲು ಬೋರಲು ಹಾಕಿ, ತಳದಲ್ಲಿದ್ದ 404 ಎಂಬ ಮಾದರಿಯ ಅಂಕಿಯನ್ನು ತೋರಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಊಟದ ಪಾತ್ರೆಗಳಿಗೆ ಬಳಸಿದ ಬಿಳಿ ಗಾಜಿಗೆ ಬಣ್ಣ ಹಚ್ಚಿ, ಪೈರೆಕ್ಸ್ ತಯಾರಿಸುತ್ತಿದ್ದ ಕಾರ್ನಿಂಗ್ ಕಂಪನಿ 1945ರಲ್ಲಿ ಗೃಹಿಣಿಯರಿಗೆಂದು ತಂದ ನಾಲ್ಕು ಬಟ್ಟಲುಗಳ ಸೆಟ್ಟಿನಲ್ಲಿ ಇದೇ ದೊಡ್ಡದು. ಹಸಿರು, ಕೆಂಪು, ನೀಲಿ ಬಟ್ಟಲುಗಳು ಒಂದರೊಳಗೊಂದು ಇದರ ಹೊಟ್ಟೆಯಲ್ಲಿ ಕೂರುತ್ತವೆ. ಬಣ್ಣ ಹೊರಗಷ್ಟೇ, ಒಳಗೆ ಹಾಲಿನ ಬಿಳುಪು. ಆ ಬಿಳುಪಿನ ಮೇಲಿದ್ದ ಸಣ್ಣ ಗೀರುಗಳನ್ನು ಆಕೆ ಬೆರಳಿನಿಂದ ಸವರಿ, ‘ಯಾರೋ ವರ್ಷಗಟ್ಟಲೆ ಮೊಟ್ಟೆ ಕಡೆದ ಗುರುತು ಇದು. ಡಿಶ್‌ವಾಷರ್‌ಗೆ ಮಾತ್ರ ಹಾಕಬೇಡಿ, ಬಣ್ಣ ಸತ್ತುಹೋಗುತ್ತದೆ’ ಎಂದರು. ಹೆಣ್ಣು ಒಪ್ಪಿಸಿಕೊಡುವಂತಿತ್ತು ಆ ಮಾತು.

ಅದೇ ರಾತ್ರಿ ಹಾಸನಕ್ಕೆ ವಿಡಿಯೊ ಕರೆ ಮಾಡಿ ಅಮ್ಮನಿಗೆ ಬಟ್ಟಲು ತೋರಿಸಿದೆ. ಬೆಲೆ ಕೇಳಿ ಅಮ್ಮ ಬೈದರು. ಆಮೇಲೆ, ಹೇಳಲು ಮರೆತಿದ್ದೆ ಎನ್ನುವ ದನಿಯಲ್ಲಿ, ‘ಮೊನ್ನೆ ಅಟ್ಟ ಖಾಲಿ ಮಾಡಿಸಿದೆ ಕಣೋ. ಆ ಹಿತ್ತಾಳೆ ತಪ್ಪಲೆ ಹಾಕಿ ಹೊಸ ಕುಕ್ಕರ್ ತಂದೆ’ ಎಂದರು.

ಅದು ಅಜ್ಜಿಯ ತಪ್ಪಲೆ. ಅಜ್ಜಿಯ ಮದುವೆಗೆ ಮುಯ್ಯಿ ಬಂದದ್ದು. ಕಂಠದ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರು, ಪಕ್ಕದಲ್ಲಿ 1958. ಬರೆದವನಿಗೆ ಜಾಗ ಸಾಲದೆ ಹೆಸರಿನ ಕೊನೆಯ ಒತ್ತಕ್ಷರ ಕೆಳಗೆ ಜಾರಿತ್ತು. ಅಕ್ಷರ ಕಲಿಯುವ ಮೊದಲೇ ನಾನು ಆ ಚುಕ್ಕಿಗಳ ಮೇಲೆ ಬೆರಳಾಡಿಸಿದವನು. ಹಬ್ಬದ ದಿನ ಮನೆ ತುಂಬಾ ನೆಂಟರಿದ್ದರೆ ಹಿತಕಿದ ಅವರೆಬೇಳೆ ಸಾರು ಕುದಿಯುತ್ತಿದ್ದುದು ಅದರಲ್ಲೇ.

ಈ ಎರಡು ಪಾತ್ರೆಗಳಿಗೆ ಹೆಚ್ಚೆಂದರೆ ಹದಿಮೂರು ವರ್ಷಗಳ ಅಂತರ. ಒಂದು ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಅಚ್ಚಾದದ್ದು, ಇನ್ನೊಂದು ಹೆಸರು ಬರೆಸಿಕೊಂಡು ಬಂದದ್ದು. ಇಲ್ಲಿ ಕಾರ್ಖಾನೆಯ ಬಟ್ಟಲಿಗೆ ಅಂಕಿಯಿದೆ, ಇಸವಿಯಿದೆ, ಅದರ ಕಥೆ ಹೇಳಲು ಒಬ್ಬರಿದ್ದಾರೆ. ಅಲ್ಲಿ ಹೆಸರಿದ್ದ ಪಾತ್ರೆಗೆ ತೂಕ ಬಿಟ್ಟರೆ ಏನೂ ಇಲ್ಲ.

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರದ ಪಾತ್ರೆ ಅಂಗಡಿಯೊಂದರಲ್ಲಿ ಕಳೆದ ಸಲ ಊರಿಗೆ ಹೋದಾಗ ಇದನ್ನು ಕಣ್ಣಾರೆ ಕಂಡಿದ್ದೆ. ಮೂಲೆಯ ಗೋಣಿಚೀಲದಲ್ಲಿ ಚೆಂಬು, ಬಿಂದಿಗೆ, ಕೊಳಗ, ಸೌಟು. ಒಂದು ಕಂಚಿನ ಬಟ್ಟಲನ್ನು ಎತ್ತಿಕೊಂಡು ಬೆಲೆ ಕೇಳಿದೆ. ‘ಅದು ಗುಜರಿ ಸಾರ್, ಕರಗಿಸಲು ಹೋಗುತ್ತದೆ. ನಿಮಗೆ ಹೊಸದೇ ಕೊಡುತ್ತೇನೆ’ ಎಂದು ಅಂಗಡಿಯವರು ಬಟ್ಟಲನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ನನಗೆ ಒಳ್ಳೆಯದಾಗಲಿ ಎಂದೇ ಹಾಗೆ ಮಾಡಿದ್ದು. ಆದರೂ ಹೊಟ್ಟೆಯಲ್ಲಿ ಕಸಿವಿಸಿಯಾಯಿತು.

ಮನೆಗೆ ಯಾರೇ ನೆಂಟರು ಬಂದರೂ ಬೇಲೂರಿಗೆ ಕರೆದುಕೊಂಡು ಹೋಗುವ ಜನ ನಾವು. ಮದನಿಕೆಯರ ಕೆಳಗೆ ಶಿಲ್ಪಿಗಳು ಕೆತ್ತಿಕೊಂಡ ಹೆಸರುಗಳನ್ನು ಹೆಮ್ಮೆಯಿಂದ ತೋರಿಸುತ್ತೇವೆ. ಮನೆಯ ಅಟ್ಟದಲ್ಲಿರುವ ಹೆಸರನ್ನು ಕುಲುಮೆಗೆ ಕಳಿಸುವಾಗ ಒಂದು ಫೋಟೊ ಕೂಡ ತೆಗೆದಿಡುವುದಿಲ್ಲ. ಹಳೆಯದೆಂದರೆ ಕಲ್ಲಿನದೇ ಆಗಿರಬೇಕು, ರಾಜರ ಕಾಲದ್ದೇ ಆಗಿರಬೇಕು ಎಂದು ನಮಗೆ ಹೇಳಿಕೊಟ್ಟವರು ಯಾರು? ನಾನಿರುವ ಕೊಲಂಬಸ್‌ಗೆ ಹತ್ತಿರದ ಲ್ಯಾಂಕಾಸ್ಟರ್ ಪಟ್ಟಣದ ಆಂಕರ್ ಹಾಕಿಂಗ್ ಕಂಪನಿ ತಯಾರಿಸಿದ ಹಸಿರು ಗಾಜಿನ ಕಾಫಿ ಲೋಟಗಳನ್ನು ಜನ ಹುಡುಕಿಕೊಂಡು ಊರೂರು ಅಲೆಯುತ್ತಾರೆ. ಅವು ಹೋಟೆಲ್ಲಿನಲ್ಲಿ ಬಳಸಿದ ಸಾಧಾರಣ ಲೋಟಗಳು. ಕಾಫಿಯ ಸೀಮೆಯವರಾದ ನಾವು ಹಿತ್ತಾಳೆ ಫಿಲ್ಟರನ್ನು ಕಿಲೋ ಲೆಕ್ಕದಲ್ಲಿ ಕೊಟ್ಟುಬಿಟ್ಟೆವು.

ಇಷ್ಟನ್ನೂ ಅಮ್ಮನಿಗೆ ಜೋರಾಗಿಯೇ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಮಾತು: ‘ಆ ತಪ್ಪಲೆಯನ್ನು ನೀನು ಒಂದು ದಿನವಾದರೂ ಉಜ್ಜಿದ್ದೀಯಾ?’

ಉಜ್ಜಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಅಮ್ಮನ ಬೆರಳ ತುದಿಗಳು ಒಡೆದಿರುತ್ತಿದ್ದುದನ್ನು ನೋಡಿದ್ದೇನೆ. ತುಂಬಿದ ತಪ್ಪಲೆಯನ್ನು ಒಲೆಯಿಂದ ಇಳಿಸಲು ಇಬ್ಬರು ಬೇಕಿತ್ತು. ವರ್ಷಕ್ಕೊಮ್ಮೆ ಬೀದಿಗೆ ಬಂದು, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒಂದೇ ಸಲ ಸವರಿ ಬೆಳ್ಳಿಯಂತೆ ಮಾಡುತ್ತಿದ್ದ ಕಲಾಯಿಯವರು ಬರುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು. ಕಲಾಯಿ ಹೋದ ಹಿತ್ತಾಳೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಏಳುತ್ತದೆ. ಅಮ್ಮ ಅದನ್ನು ಅಟ್ಟಕ್ಕೆ ಏರಿಸಿದ್ದು ಅಸಡ್ಡೆಯಿಂದಲ್ಲ, ವಿಧಿಯಿಲ್ಲದೆ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು: ಇಲ್ಲಿಯ ಅಂಗಡಿಗಳಿಗೆ ಈ ಬಟ್ಟಲುಗಳು ಬರುವುದು ಹೆಚ್ಚಾಗಿ ಹಿರಿಯರು ತೀರಿಕೊಂಡ ಮನೆಗಳಿಂದ. ಮಕ್ಕಳು ಬಾಗಿಲು ತೆರೆದಿಟ್ಟು ಚಮಚದವರೆಗೆ ಎಲ್ಲವನ್ನೂ ಮಾರುತ್ತಾರೆ. ನನ್ನ ಹಳದಿ ಬಟ್ಟಲಿನಲ್ಲಿ ಮೊಟ್ಟೆ ಕಡೆದವಳ ಹೆಸರು ಆ ವೃದ್ಧೆಗೂ ಗೊತ್ತಿರಲಿಲ್ಲ.

ಕರೆ ಮುಗಿಸುವ ಮುಂಚೆ, ‘ಅಜ್ಜಿಯ ತಾಮ್ರದ ಚೆಂಬನ್ನಾದರೂ ಎತ್ತಿಡಮ್ಮ, ನಾನು ಬಂದಾಗ ತೆಗೆದುಕೊಂಡು ಹೋಗುತ್ತೇನೆ’ ಎಂದೆ.

‘ಅದನ್ನು ಕೊಡುವುದಿಲ್ಲ’ ಎಂದರು ಅಮ್ಮ. ‘ತುಳಸಿಗೆ ನೀರು ಹಾಕುವುದು ಅದರಲ್ಲೇ.’