ಕ್ರಾಸ್ಬಿ ಪಕ್ಕದಲ್ಲಿ ಒಬ್ಬ ಹುಡುಗನನ್ನು ಆಡಿಸಿ

ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬಂದು ಹನ್ನೆರಡು ವರ್ಷ ಆಯ್ತು. ಇಲ್ಲಿ ಹಾಕಿ ಅಂದ್ರೆ ಐಸ್ ಹಾಕಿ, ತಂಡ ಅಂದ್ರೆ ಪೆಂಗ್ವಿನ್ಸ್. ಆಫೀಸಿನಲ್ಲಿ ವರ್ಷಗಳಿಂದ ಒಂದೇ ಜಗಳ: ಹಳಬರನ್ನು ಕಳಿಸಬೇಕಾ, ಇಟ್ಟುಕೊಳ್ಳಬೇಕಾ? ಕ್ರಾಸ್ಬಿ, ಮಾಲ್ಕಿನ್, ಲೆಟಾಂಗ್ ಮೂವರೂ 1986-87ರಲ್ಲಿ ಹುಟ್ಟಿದವರು. ಮೂರು ಸ್ಟ್ಯಾನ್ಲಿ ಕಪ್, ಅಂದ್ರೆ ಲೀಗ್‌ನ ಚಾಂಪಿಯನ್ ಪಟ್ಟ, ಗೆದ್ದುಕೊಟ್ಟವರು. ಆದರೆ 2023, 2024, 2025 ಮೂರು ವರ್ಷವೂ ತಂಡ ಪ್ಲೇಆಫ್ ಮುಟ್ಟಲಿಲ್ಲ. ಅದಕ್ಕೂ ಮೊದಲು ಸತತ 16 ಸೀಸನ್ ಮುಟ್ಟಿದ್ದ ತಂಡ ಇದು!

ತಪ್ಪು ಹಳಬರದ್ದಲ್ಲ ಅಂತ ನನಗೆ ಅನಿಸುತ್ತದೆ. ಅವರ ಪಕ್ಕದಲ್ಲಿ ಬೆಳೆಯಬೇಕಿದ್ದ ಹುಡುಗರೇ ಇರಲಿಲ್ಲ.

ನಮ್ಮೂರು ವಿರಾಜಪೇಟೆ. ನಾನು ಕೊಡವ ಅಲ್ಲ, ಅಪ್ಪ ಬ್ಯಾಂಕ್ ಕೆಲಸಕ್ಕೆ ಬಂದು ಅಲ್ಲೇ ನೆಲೆಸಿದವರು. ಆದರೆ ಹಾಕಿ ನೋಡೋದು ಕಲಿತದ್ದು ಕೊಡವ ಕುಟುಂಬಗಳ ಟೂರ್ನಿಯಲ್ಲಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಟೂರ್ನಿ ಅದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಒಂದು ಒಕ್ಕ (ಕುಟುಂಬ), ಒಂದು ತಂಡ. ಹಾಗಾಗಿ ವಯಸ್ಸಿನ ಲೆಕ್ಕವೇ ಇಲ್ಲ, ಮನೆಯಲ್ಲಿ ಯಾರಿದ್ದಾರೋ ಅವರೇ ಆಡಬೇಕು. ನನ್ನ ಗೆಳೆಯನ ತಂಡದಲ್ಲಿ ಅವನ ದೊಡ್ಡಪ್ಪ ಫುಲ್‌ಬ್ಯಾಕ್, ಅರವತ್ತು ದಾಟಿತ್ತು. ಅವರು ಓಡುತ್ತಿರಲಿಲ್ಲ. ಗೋಲಿನ ಮುಂದೆ ನಿಂತು ಸ್ಟಿಕ್ಕಿನಿಂದ ನೆಲ ತಟ್ಟುತ್ತಿದ್ದರು, ಒಂದು ಸಲ ತಟ್ಟಿದರೆ ಎಡಕ್ಕೆ, ಎರಡು ಸಲ ತಟ್ಟಿದರೆ ಬಲಕ್ಕೆ. ನನ್ನ ಗೆಳೆಯನಿಗೆ ಆಗ ಹದಿನಾಲ್ಕು. ಹಿಂದೆ ತಿರುಗಿಯೂ ನೋಡದೆ ಆ ಸದ್ದಿಗೇ ಜಾಗ ಬದಲಾಯಿಸುತ್ತಿದ್ದ. ಅದನ್ನು ಯಾವ ಕೋಚ್ ಕೂಡ ಕರಿಹಲಗೆಯ ಮೇಲೆ ಕಲಿಸಿರಲಿಲ್ಲ, ಒಟ್ಟಿಗೆ ಆಡಿದ್ದಕ್ಕೆ ಬಂದದ್ದು ಅಷ್ಟೇ.

ವೃತ್ತಿಪರ ತಂಡದಲ್ಲಿ ಇದು ಸುಲಭ ಅಲ್ಲ, ಒಪ್ಪುತ್ತೇನೆ. ಪೆಂಗ್ವಿನ್ಸ್ ಆಡುವ ಎನ್‌ಎಚ್‌ಎಲ್ ಲೀಗ್‌ನಲ್ಲಿ 2005ರಿಂದ ಸಂಬಳಕ್ಕೆ ಮಿತಿ ಇದೆ. 2024-25ರಲ್ಲಿ ಒಂದು ತಂಡಕ್ಕೆ 8.8 ಕೋಟಿ ಡಾಲರ್. ಅದರಲ್ಲಿ ಕ್ರಾಸ್ಬಿಯದೇ 87 ಲಕ್ಷ. ಹೊಸದಾಗಿ ಬಂದ ಹುಡುಗನ ಮೂಲ ಸಂಬಳ ಆಗ 10 ಲಕ್ಷವನ್ನೂ ಮುಟ್ಟುತ್ತಿರಲಿಲ್ಲ. ಅಂದ್ರೆ ನಾಲ್ಕು ಜನ ಹಳಬರಿಗೆ ದುಡ್ಡು ಸುರಿದರೆ, ಉಳಿದ ಜಾಗ ತುಂಬೋಕೆ ಚೆನ್ನಾಗಿ ಆಡುವ ಹುಡುಗರು ಬೇಕೇ ಬೇಕು. ಪೆಂಗ್ವಿನ್ಸ್ ಎಡವಿದ್ದೇ ಇಲ್ಲಿ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳೋದಕ್ಕೆ ಡ್ರಾಫ್ಟ್ ಅಂತಾರೆ. 2015ರಿಂದ 2021ರವರೆಗಿನ ಏಳು ಡ್ರಾಫ್ಟ್‌ಗಳಲ್ಲಿ ಮೊದಲ ಸುತ್ತಿನಲ್ಲಿ ಅವರು ಆರಿಸಿದ್ದು ಒಬ್ಬನೇ ಒಬ್ಬನನ್ನು, 2019ರಲ್ಲಿ. ಉಳಿದ ಸರದಿಗಳನ್ನೆಲ್ಲ ಆ ವರ್ಷವೇ ಉಪಯೋಗಕ್ಕೆ ಬರುವ ಆಟಗಾರರಿಗಾಗಿ ಬೇರೆ ತಂಡಗಳಿಗೆ ಕೊಟ್ಟಾಗಿತ್ತು. ಹಾಗೆ ಬಂದ ಫಾರ್ವರ್ಡ್ ಕೆಸೆಲ್‌ನಿಂದ 2016, 2017ರ ಕಪ್ ಬಂತು, ಆ ಖುಷಿ ನನಗೂ ಇದೆ, ರಸ್ತೆಯಲ್ಲಿ ನಿಂತು ಮೆರವಣಿಗೆ ನೋಡಿದ್ದೇನೆ. ಆದರೆ ಕೆಸೆಲ್ ಆದಮೇಲೂ ಅದನ್ನೇ ಮಾಡುತ್ತಾ ಹೋದರಲ್ಲ, ಅದು ನನಗೆ ಇವತ್ತಿಗೂ ನುಂಗಲಾಗದ ವಿಷಯ.

ಇದೇ ತಂಡಕ್ಕೆ ಸರಿಯಾದ ದಾರಿ ಗೊತ್ತಿತ್ತು. 2005ರಲ್ಲಿ ಕ್ರಾಸ್ಬಿ ಬಂದಾಗ ಅವನಿಗೆ 18. ಆಗ ಮಾರಿಯೋ ಲೆಮ್ಯೂ ತಂಡದ ಮಾಲೀಕರೂ ಹೌದು, 40ರ ಆಟಗಾರರೂ ಹೌದು. ಹುಡುಗನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಹೃದಯದ ತೊಂದರೆಯಿಂದ ಆ ಸೀಸನ್‌ನಲ್ಲಿ ಲೆಮ್ಯೂ ಆಡಿದ್ದು ಬರೀ 26 ಪಂದ್ಯ. ಅಷ್ಟು ಪಂದ್ಯಗಳಾದರೂ ಇಬ್ಬರೂ ಒಂದೇ ಜೆರ್ಸಿಯಲ್ಲಿದ್ದರು, ಮನೆಗೆ ಬಂದರೂ ಒಂದೇ ಸೂರು. 19ಕ್ಕೇ ಕ್ರಾಸ್ಬಿ ಕ್ಯಾಪ್ಟನ್ ಆದ.

ಗೋಲ್‌ಕೀಪರ್‌ಗಳ ವಿಷಯ ಇನ್ನೂ ಕಷ್ಟ, ಯಾಕಂದ್ರೆ ನಿಲ್ಲೋದು ಒಬ್ಬರೇ. 2017ರ ಪ್ಲೇಆಫ್‌ನಲ್ಲಿ ಪೆಂಗ್ವಿನ್ಸ್‌ನ ಎಳೆಯ ಗೋಲ್‌ಕೀಪರ್ ಮರ್ರಿಗೆ ಪೆಟ್ಟಾದಾಗ ಹಳಬ ಫ್ಲೂರಿ ಮೊದಲ ಎರಡು ಸುತ್ತು ದಾಟಿಸಿದರು. ಮರ್ರಿ ವಾಪಸ್ ಬಂದು ಫೈನಲ್ ಗೆದ್ದ. ಫ್ಲೂರಿ ಕಪ್ ಎತ್ತಿ, ತನ್ನ ಜಾಗ ತೆಗೆದುಕೊಂಡ ಆ ಹುಡುಗನ ಕೈಗೇ ಕೊಟ್ಟರು. ಟಿವಿಯಲ್ಲಿ ಅದನ್ನು ನೋಡಿ ನನ್ನ ಕಣ್ಣು ತುಂಬಿತ್ತು.

ನಮ್ಮ ಭಾರತ ತಂಡದಲ್ಲಿ ಶ್ರೀಜೇಶ್ ಮತ್ತು ಕೃಷನ್ ಪಾಠಕ್ ಎಷ್ಟೋ ಪಂದ್ಯಗಳಲ್ಲಿ ಒಂದೊಂದು ಕ್ವಾರ್ಟರ್ ಹಂಚಿಕೊಂಡು ನಿಂತರು. ಒಲಿಂಪಿಕ್ಸ್ ಬಂದಾಗ ಶ್ರೀಜೇಶ್ ಒಬ್ಬರೇ. ಅದು ನನಗೆ ಸರಿ ಅನಿಸಿತು, ಪ್ಯಾರಿಸ್‌ನಲ್ಲಿ ಕಂಚೂ ಬಂತು. ಶ್ರೀಜೇಶ್ ನಿವೃತ್ತಿಯಾದ ಮೇಲೆ ಅವರನ್ನು ಸುಮ್ನೆ ಸನ್ಮಾನ ಮಾಡಿ ಮನೆಗೆ ಕಳಿಸಲಿಲ್ಲ, ಜೂನಿಯರ್ ತಂಡದ ಕೋಚ್ ಮಾಡಿದರು. ಇಲ್ಲಿನವರು ಇದನ್ನು ಗಮನಿಸಬೇಕು.

ಕ್ರಾಸ್ಬಿ ಒಪ್ಪಂದ ಇರೋದು 2026-27ರ ಸೀಸನ್‌ವರೆಗೆ. ಅವನನ್ನು ಮಾರಬೇಡಿ. ಆದರೆ ಅವನ ಎರಡೂ ಪಕ್ಕಕ್ಕೆ ಮೂವತ್ತು ದಾಟಿದವರನ್ನೇ ಹಾಕಬೇಡಿ. ಒಂದು ಪಕ್ಕಕ್ಕೆ ಇಪ್ಪತ್ತರ ಹುಡುಗನನ್ನು ಬಿಡಿ, ತಪ್ಪು ಮಾಡಿದ ಅಂತ ಮಾರನೇ ಪಂದ್ಯಕ್ಕೇ ಬೆಂಚಿಗೆ ಕೂರಿಸಬೇಡಿ. ಹತ್ತು ಪಂದ್ಯ ಸೋತರೂ ನಾನು ಟಿಕೆಟ್ ತೆಗೆದುಕೊಂಡು ಬರುತ್ತೇನೆ.