ಏಪ್ರಿಲ್ ರಿಯಾಯಿತಿಯೂ ನಮ್ಮ ಮನೆ ಕಂದಾಯವೂ

ಏಪ್ರಿಲ್ ಬಂತು ಅಂದರೆ ನಮ್ಮಂಥ ಮನೆಗಳಿಗೆ ಖರ್ಚುಗಳೆಲ್ಲ ಮಾತಾಡಿಕೊಂಡು ಒಟ್ಟಿಗೇ ಬರುತ್ತವೆ. ಸ್ಕೂಲ್ ಫೀಸಿನ ಮೊದಲ ಕಂತು, ಪುಸ್ತಕ, ಯೂನಿಫಾರ್ಮು, ಗಾಡಿ ಇನ್ಶೂರೆನ್ಸು, ಯುಗಾದಿಗೆ ಅಂಗಡಿಯಲ್ಲಿ ಬರೆಸಿದ ಬಾಕಿ. ಸರಿಯಾಗಿ ಅದೇ ತಿಂಗಳಲ್ಲಿ ಪಾಲಿಕೆಯವರದ್ದೂ ಶುರು: ಇಡೀ ವರ್ಷದ ಕಂದಾಯ ಏಪ್ರಿಲ್ 30ರೊಳಗೆ ಕಟ್ಟಿ, ಶೇಕಡ 5 ರಿಯಾಯಿತಿ ಪಡೆಯಿರಿ ಅಂತ. ಬೇಡ ಅನ್ನುವವರು ಯಾರು ಹೇಳಿ? ಆದರೆ ಈ ರಿಯಾಯಿತಿ ಯಾರ ಕೈಗೆ ಸಿಗುತ್ತದೆ ಅಂತ ಸ್ವಲ್ಪ ನೋಡಿ. ಏಪ್ರಿಲ್‌ನಲ್ಲಿ ದುಡ್ಡು ಎಣಿಸಿಕೊಂಡು ಕೂತವರಿಗೆ. ಪಕ್ಕದಲ್ಲೇ ಅದೇ ಅಳತೆಯ ಮನೆ ಇಟ್ಟುಕೊಂಡು ಕೈ ಖಾಲಿ ಇರುವವನು ಅವರಿಗಿಂತ ಜಾಸ್ತಿ ಕಟ್ಟುತ್ತಾನೆ. ಇದು ನನಗೆ ಸರಿ ಕಾಣುವುದಿಲ್ಲ.

ನಮ್ಮದು ಬೆಂಗಳೂರಿನ ಲಗ್ಗೆರೆ ಕಡೆ ಟ್ವೆಂಟಿ ಥರ್ಟಿ ಸೈಟು. ಅಪ್ಪ ಇದ್ದಾಗ ಕಟ್ಟಿಸಿದ್ದು. ಕೆಳಗೆ ನಾವು, ಮೇಲೆ ಬಾಡಿಗೆ. ಊರಿಗೆ ಹೋದರೆ "ಬೆಂಗಳೂರಲ್ಲಿ ಸ್ವಂತ ಮನೆ, ನಿಮಗೇನಪ್ಪಾ ಕಮ್ಮಿ" ಅಂತಾರೆ. ಮನೆಗೆ ಬೆಲೆ ಇದೆ, ನಿಜ. ಆದರೆ ಕಂದಾಯ ಕಟ್ಟುವುದಕ್ಕೆ ಗೋಡೆಯ ಎರಡು ಇಟ್ಟಿಗೆ ಕಿತ್ತು ಕೊಟ್ಟರೆ ತಗೋತಾರಾ? ಸಂಬಳದಲ್ಲೇ ಕಟ್ಟಬೇಕು, ಇಲ್ಲ ಬಾಡಿಗೆಯಲ್ಲಿ. ಬಾಡಿಗೆಯ ಅರ್ಧ ಅಮ್ಮನ ಶುಗರ್ ಮಾತ್ರೆ, ಡಾಕ್ಟರ್ ಫೀಸಿಗೇ ಹೋಗುತ್ತದೆ.

ರಿಯಾಯಿತಿ ತಪ್ಪಿಹೋಗುತ್ತದೆ ಅಂತ ಸಾಲ ಮಾಡಿ ಕಟ್ಟುವವರನ್ನು ನಮ್ಮ ರಸ್ತೆಯಲ್ಲೇ ನೋಡಿದ್ದೇನೆ. ಒಂದು ಲೆಕ್ಕ ಹಾಕೋಣ. ಕಂದಾಯ 9,000 ಅಂತ ಇಟ್ಟುಕೊಳ್ಳಿ. ಶೇಕಡ 5 ಅಂದರೆ 450 ಉಳಿತಾಯ, ಕಟ್ಟಬೇಕಾದ್ದು 8,550. ಅಷ್ಟನ್ನೂ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದರೆ ತಿಂಗಳಿಗೆ 171 ರೂಪಾಯಿ ಬಡ್ಡಿ. ಮೂರು ತಿಂಗಳಿಗೆ 513. ಅಲ್ಲಿಗೆ ಪಾಲಿಕೆ ಕೊಟ್ಟ ರಿಯಾಯಿತಿ ಸಾಲ ಕೊಟ್ಟವರ ಜೇಬಿಗೆ ಹೋಯಿತು, ಮೇಲೆ 63 ರೂಪಾಯಿ ನಿಮ್ಮ ಕೈಯಿಂದ. ಕ್ರೆಡಿಟ್ ಕಾರ್ಡಲ್ಲಿ ಕಟ್ಟಿ ಬಾಕಿ ಉಳಿಸಿಕೊಂಡರಂತೂ ಅಷ್ಟು ದಿನವೂ ಬೇಕಾಗಲ್ಲ. ಒಂದೇ ತಿಂಗಳಲ್ಲಿ ತೀರಿಸುತ್ತೇನೆ ಅನ್ನುವ ಗ್ಯಾರಂಟಿ ಇದ್ದರೆ ಸಾಲ ಮಾಡಿ, ನಾನು ಅಡ್ಡ ಬರಲ್ಲ. ನಮ್ಮ ಮನೆಗಳಲ್ಲಿ ಆ ಗ್ಯಾರಂಟಿ ಯಾರು ಕೊಡುತ್ತಾರೆ ಅನ್ನುವುದು ಬೇರೆ ಮಾತು.

ಇನ್ನೊಂದು ದಾರಿ ಇದೆ. ಅದರ ಬಗ್ಗೆ ಯಾರೂ ಅಷ್ಟಾಗಿ ಡಂಗುರ ಹೊಡೆಯುವುದಿಲ್ಲ. ಕಂದಾಯವನ್ನು ಎರಡು ಕಂತಲ್ಲಿ ಕಟ್ಟಬಹುದು. ಅರ್ಧ ಮೇ ಕೊನೆಯೊಳಗೆ, ಇನ್ನರ್ಧ ನವೆಂಬರ್ ಕೊನೆಯೊಳಗೆ. ಗಡುವಿನ ಒಳಗೆ ಕಟ್ಟಿದರೆ ಬಡ್ಡಿ ಇಲ್ಲ. ರಿಯಾಯಿತಿ ಸಿಗಲ್ಲ, ಅಷ್ಟೇ. ನಾವು ಈಚೆಗೆ ಮಾಡುವುದು ಇದನ್ನೇ. ನಮ್ಮ ಭಾವನಿಗೆ ಇದು ಅವಮಾನದ ಥರ ಕಾಣುತ್ತದೆ, "ಕಂದಾಯಕ್ಕೂ ಇಎಂಐ ಮಾಡ್ಕೊಂಡ್ರಾ" ಅಂತ ಹಂಗಿಸುತ್ತಾರೆ. ಇರಲಿ. 450 ರೂಪಾಯಿ ಹೋದರೂ ಜೂನ್‌ನಲ್ಲಿ ಯಾರ ಮನೆ ಬಾಗಿಲಿಗೂ ಹೋಗಿ ನಿಲ್ಲಬೇಕಾಗಿಲ್ಲ.

ಕೆಲವರು ರಿಯಾಯಿತಿ ಗಡುವು ಹೇಗೂ ಮುಂದಕ್ಕೆ ಹೋಗುತ್ತದೆ ಅಂತ ಕಾಯುತ್ತಾರೆ. ಹೋಗಿದ್ದೂ ಉಂಟು, 2024ರಲ್ಲಿ ಜುಲೈ ಕೊನೆವರೆಗೂ ಕೊಟ್ಟಿದ್ದರು. ಆದರೆ ಅದನ್ನು ನಂಬಿಕೊಂಡು ಮನೆ ಬಜೆಟ್ ಮಾಡೋಕಾಗಲ್ಲ. ಒಂದು ವರ್ಷ ಕೊಟ್ಟಿದ್ದನ್ನು ಮುಂದಿನ ವರ್ಷವೂ ಕೊಡಲೇಬೇಕು ಅಂತ ಏನಿಲ್ಲವಲ್ಲ.

ದುಡ್ಡು ಹೊಂದಿಸುವುದಕ್ಕಿಂತ ಮುಂಚೆ ಇನ್ನೊಂದು ಕೆಲಸ ಮಾಡಿ. ಹಳೇ ರಸೀದಿ ತೆಗೆದು ಅದರಲ್ಲಿ ಏನಿದೆ ಅಂತ ಓದಿ. ನಮ್ಮಮ್ಮ 2008ರಿಂದ ಈಚೆಗಿನ ಅಷ್ಟೂ ರಸೀದಿಗಳನ್ನು ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದಾರೆ. ಒಂದೊಂದರ ಹಿಂದೆಯೂ ಪೆನ್ಸಿಲಲ್ಲಿ ಬರೆದಿದೆ: ಎಷ್ಟು ಕಟ್ಟಿದ್ದು, ಯಾರ ಹತ್ತಿರ ಎಷ್ಟು ತಂದಿದ್ದು, ಯಾವಾಗ ವಾಪಸ್ ಕೊಟ್ಟಿದ್ದು. 2008ರಲ್ಲೇ ಈಗಿನ ಪದ್ಧತಿ ಬಂದಿದ್ದು. ನಮ್ಮ ಏರಿಯಾ ಯಾವ ವಲಯದಲ್ಲಿದೆಯೋ ಅದರ ಚದರಡಿ ದರವನ್ನು ಕಟ್ಟಡದ ಅಳತೆಗೆ ಗುಣಿಸಿ, ಹತ್ತು ತಿಂಗಳಿಗೆ ಲೆಕ್ಕ ಹಾಕಿ, ಕಟ್ಟಡ ಎಷ್ಟು ಹಳೆಯದು ಅಂತ ನೋಡಿ ಸವಕಳಿ ಕಳೆದು, ಉಳಿದಿದ್ದರಲ್ಲಿ ಶೇಕಡ 20 ತೆರಿಗೆ, ಅದರ ಮೇಲೆ ಸೆಸ್ಸುಗಳು. ಇದರಲ್ಲಿ ನಮಗೆ ಮುಖ್ಯವಾದ್ದು ಒಂದಿದೆ: ಬಾಡಿಗೆಗೆ ಕೊಟ್ಟ ಭಾಗದ ದರ ಸ್ವಂತಕ್ಕೆ ಇಟ್ಟುಕೊಂಡ ಭಾಗದ ದರಕ್ಕಿಂತ ಎರಡರಷ್ಟು.

ಹಿಂದಿನ ಬೀದಿಯ ಆಂಟಿಯ ಮನೆಯಲ್ಲಿ ಬಾಡಿಗೆಯವರು ಖಾಲಿ ಮಾಡಿ, ಮದುವೆಯಾದ ಮಗ ಮಹಡಿಗೆ ಬಂದು ಸಂಸಾರ ಹೂಡಿದ್ದ. ಕಂದಾಯ ಮಾತ್ರ ಬಾಡಿಗೆ ದರದಲ್ಲೇ ಹೋಗುತ್ತಿತ್ತು. ಯಾಕೆಂದರೆ ಪ್ರತಿ ವರ್ಷ ಸೈಬರ್ ಸೆಂಟರ್ ಹುಡುಗ ಹಿಂದಿನ ವರ್ಷದ್ದನ್ನೇ ಒತ್ತಿಬಿಡುತ್ತಿದ್ದ. ಏನೂ ಬದಲಾಗಿಲ್ಲ ಅಂದರೆ ಫಾರಂ 4, ಬದಲಾಗಿದ್ದರೆ ಫಾರಂ 5. ಇಷ್ಟು ಗೊತ್ತಿದ್ದರೆ ಸಾಕಿತ್ತು. ಕೊನೆಗೆ ಫಾರಂ 5 ಹಾಕಿದಾಗ ಅವರಿಗೆ ಉಳಿದಿದ್ದರ ಮುಂದೆ ಶೇಕಡ 5 ಯಾವ ಮೂಲೆಗೂ ಅಲ್ಲ.

ಹಾಗಂತ ಉಲ್ಟಾ ಮಾಡಲು ಹೋಗಬೇಡಿ. ಮೇಲೆ ಬಾಡಿಗೆಗೆ ಕೊಟ್ಟು ಸ್ವಂತ ವಾಸ ಅಂತ ಬರೆಸಿದರೆ, ಸಿಕ್ಕಿಬಿದ್ದ ದಿನ ವ್ಯತ್ಯಾಸದ ಜೊತೆ ದಂಡ, ಬಡ್ಡಿ ಎಲ್ಲ ಸೇರಿ ಬರುತ್ತದೆ. 2016ರಲ್ಲಿ ವಲಯಗಳು ಬದಲಾದಾಗ ಹಳೇ ವಲಯದ ದರದಲ್ಲೇ ಕಟ್ಟಿದ್ದ ಸಾವಿರಾರು ಜನಕ್ಕೆ ವರ್ಷಗಳಾದ ಮೇಲೆ ನೋಟಿಸ್ ಬಂದಿದ್ದು ನೆನಪಿದೆಯಲ್ಲ? ಅವರಲ್ಲಿ ಎಷ್ಟೋ ಜನಕ್ಕೆ ವಲಯ ಬದಲಾಗಿದ್ದೇ ಗೊತ್ತಿರಲಿಲ್ಲ.

ಕಟ್ಟದೇ ಇದ್ದರೆ ಏನಾಗುತ್ತದೆ, ಓಟಿಎಸ್ (ಹಳೇ ಬಾಕಿಯನ್ನು ಒಂದೇ ಸಲಕ್ಕೆ ತೀರಿಸುವ ಯೋಜನೆ) ಬಂದಾಗ ನೋಡ್ಕೊಳ್ಳೋಣ ಅನ್ನುವ ಜಾಣರೂ ಇದ್ದಾರೆ. 2024ರಲ್ಲಿ ಬಂದಿತ್ತು, ಬಾಕಿದಾರರಿಗೆ ಬಡ್ಡಿ ಮನ್ನಾ ಮಾಡಿ, ನವೆಂಬರ್ 30ಕ್ಕೆ ಮುಗಿಸಿದರು. ನಿಜ ಹೇಳುತ್ತೇನೆ, ಆಗ ನನಗೆ ಹೊಟ್ಟೆ ಉರಿಯಿತು. ಹೊಟ್ಟೆ ಬಟ್ಟೆ ಕಟ್ಟಿ ಸಮಯಕ್ಕೆ ಕಟ್ಟಿದವರಿಗೆ ಏನೂ ಇಲ್ಲ, ವರ್ಷಗಟ್ಟಲೆ ಕೈ ಎತ್ತಿದವರಿಗೆ ಮನ್ನಾ! ಆದರೂ ಆ ಲಾಟರಿ ಟಿಕೆಟ್ ನಾನು ತಗೊಳ್ಳಲ್ಲ. ಬಾಕಿ ಇಟ್ಟುಕೊಂಡರೆ ಬಡ್ಡಿ ಬೆಳೆಯುತ್ತದೆ, ದಂಡ ಸೇರುತ್ತದೆ, ನಾಳೆ ಖಾತಾ ಕೆಲಸಕ್ಕೆ ಹೋದರೆ ಮೊದಲು ಕೇಳುವುದೇ ಕಂದಾಯದ ರಸೀದಿ.

ಈಗ ಕಸದ ವಿಷಯ. 2025ರ ಏಪ್ರಿಲ್‌ನಿಂದ ಕಸದ ಶುಲ್ಕವನ್ನೂ ಕಂದಾಯದ ಜೊತೆ ಸೇರಿಸಿದ್ದಾರೆ. 600 ಚದರಡಿವರೆಗಿನ ಮನೆಗೆ ತಿಂಗಳಿಗೆ 10 ರೂಪಾಯಿ, ಅಲ್ಲಿಂದ 1,000 ಚದರಡಿವರೆಗೆ 50, 2,000ದವರೆಗೆ 100. ತಿಂಗಳಿಗೆ ನೂರು ಅಂದರೆ ಯಾರಿಗೂ ಭಾರ ಅನ್ನಿಸಲ್ಲ. ಆದರೆ ಲೆಕ್ಕ ಮಾತ್ರ ತಿಂಗಳದ್ದು, ವಸೂಲಿ ವರ್ಷದ್ದು! 1,200 ರೂಪಾಯಿ ಸೀದಾ ಕಂದಾಯದ ಬಿಲ್ಲಿಗೆ ಬಂದು ಕೂರುತ್ತದೆ. ತಿಂಗಳ ಲೆಕ್ಕ ಹಾಕಲು ಬರುವವರಿಗೆ ತಿಂಗಳಿಗೆ ವಸೂಲಿ ಮಾಡಲು ಬರಲ್ಲ ಅಂದರೆ ಹೇಗೆ ನಂಬೋದು? ಕರೆಂಟ್ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ, ನೀರಿನ ಬಿಲ್ಲೂ ಬರುತ್ತದೆ, ಫೋನಲ್ಲಿ ಒತ್ತಿ ಕಟ್ಟುತ್ತೇವೆ. ಕಂದಾಯವನ್ನೂ ಹಾಗೇ ತಗೊಳ್ಳಲಿ. ತಪ್ಪದೇ ತಿಂಗಳು ತಿಂಗಳು ಕಟ್ಟಿದವರಿಗೆ ವರ್ಷದ ಕೊನೆಗೆ ಒಂದಿಷ್ಟು ರಿಯಾಯಿತಿ ಕೊಡಲಿ.

ಅಲ್ಲಿವರೆಗೆ ನಾವೇ ಮಾಡಿಕೊಳ್ಳಬೇಕು. ಬಾಡಿಗೆ ಬಂದ ದಿನವೇ 800 ರೂಪಾಯಿ ಬೇರೆ ಖಾತೆಗೆ ಹಾಕಿ ಅಂತ ಅಮ್ಮ ಹೇಳಿದ್ದು, ಹಾಗೇ ಒಂದು ವರ್ಷದ ಆರ್‌ಡಿ ಶುರು ಮಾಡಿದೆವು. ಚೀಟಿ ಹಾಕೋಣ ಅಂತ ನಾನಂದೆ, ಅವರು ಒಪ್ಪಲಿಲ್ಲ, ಚೀಟಿ ನಡೆಸುವವರು ಓಡಿಹೋದರೆ ಕಂದಾಯ ಅವರ ಹಿಂದೆ ಹೋಗಿ ಕಟ್ಟುತ್ತೀಯಾ ಅಂದರು.

ತಿಂಗಳ ಕಂತಿನ ಮಾತನ್ನು ಯಾರಿಗೆ ಹೇಳುವುದು ಅನ್ನುವುದೇ ಇಷ್ಟು ವರ್ಷದ ಕಷ್ಟ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ವಾರ್ಡಿಗೊಬ್ಬ ಕಾರ್ಪೊರೇಟರ್ ಇಲ್ಲದೆ ಕಂದಾಯ ಕಟ್ಟಿದ್ದೇವೆ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯಿತು. ಬೋರ್ಡ್ ಬದಲಾದವು, ಏಪ್ರಿಲ್ ಬದಲಾಗಲಿಲ್ಲ. ವೋಟು ಕೇಳಿಕೊಂಡು ನಮ್ಮ ಬೀದಿಗೆ ಬರುವವರು ಯಾವ ಪಾರ್ಟಿಯವರೇ ಆಗಲಿ, ಮೋರಿ, ಬೀದಿದೀಪದ ಮಾತಿಗಿಂತ ಮುಂಚೆ ನಾನು ಕೇಳುವುದು ಇದನ್ನೇ: ಕಂದಾಯವನ್ನು ಹನ್ನೆರಡು ಕಂತು ಮಾಡಿಸುತ್ತೀರಾ, ಇಲ್ವಾ?