ಸತ್ಯಾಂಶ: 'ಟ್ರೂತ್ ಸೀರಮ್' ಕೊಟ್ರೆ ಸುಳ್ಳು ಹೇಳೋಕೇ ಆಗಲ್ವಾ?

ಯಾವ್ದಾದ್ರೂ ದೊಡ್ಡ ಕೇಸ್ ಬಂದ್ರೆ ಸಾಕು, "ಆರೋಪಿಗೆ ಒಂದು ಇಂಜೆಕ್ಷನ್ ಹಾಕಿ, ಸತ್ಯ ತಾನಾಗೇ ಬರುತ್ತೆ" ಅನ್ನೋ ಫಾರ್ವರ್ಡ್ ಓಡಾಡುತ್ತೆ. ಇದು ತಪ್ಪು.

'ಟ್ರೂತ್ ಸೀರಮ್' ಅಂತ ಕರೆಯೋ ಆ ಔಷಧಿ ಥಯೋಪೆಂಟಾಲ್ ಸೋಡಿಯಂ, 1934ರಿಂದ ಆಪರೇಷನ್‌ಗೆ ಮುಂಚೆ ನಿದ್ದೆ ಬರಿಸೋಕೆ ಬಳಸ್ತಿರೋ ಅರಿವಳಿಕೆ. ರಕ್ತನಾಳಕ್ಕೆ ಕೊಟ್ರೆ ಒಂದು ನಿಮಿಷದೊಳಗೆ ಪ್ರಜ್ಞೆ ಹೋಗುತ್ತೆ, ಐದ್ಹತ್ತು ನಿಮಿಷದಲ್ಲಿ ಎಚ್ಚರ ಆಗುತ್ತೆ, ಯಾಕಂದ್ರೆ ಔಷಧಿ ಮೆದುಳಿಂದ ಸ್ನಾಯು, ಕೊಬ್ಬಿನ ಕಡೆ ಹರಡಿಕೊಳ್ಳುತ್ತೆ, ಆದ್ರೆ ದೇಹದಿಂದ ಪೂರ್ತಿ ಹೋಗಿರಲ್ಲ, ಹಾಗಾಗಿ ಮಂಪರು ಗಂಟೆಗಟ್ಲೆ ಇರ್ಬಹುದು. ನಿಲ್ಲದ ಫಿಟ್ಸ್‌ಗೆ, ಮೆದುಳಿನ ಒತ್ತಡ ಇಳಿಸೋಕೂ ಕೊಡ್ತಾರೆ. ಈಗ ಹೆಚ್ಚಿನ ಕಡೆ ಪ್ರೊಪೊಫಾಲ್ ಅನ್ನೋ ಇನ್ನೊಂದು ಅರಿವಳಿಕೆ ಇದರ ಜಾಗ ತಗೊಂಡಿದೆ.

ಕಮ್ಮಿ ಡೋಸಲ್ಲಿ ಮನುಷ್ಯ ಮಂಪರಲ್ಲಿ ಮಾತಾಡ್ತಾನೆ, ನಿಜ. ಆದ್ರೆ ಆ ಮಾತಲ್ಲಿ ಕಲ್ಪನೆ ಸೇರಿರುತ್ತೆ, ಕೇಳೋರ ಪ್ರಶ್ನೆಗೆ ತಕ್ಕ ಉತ್ತರ ಬರುತ್ತೆ, ಸುಳ್ಳೂ ಹೇಳ್ಬಹುದು. ಮುಗ್ಧನೊಬ್ಬ ಮಾಡದ ತಪ್ಪು ಒಪ್ಕೊಂಡ್ರೆ ಏನ್ ಗತಿ?

ಡೋಸ್ ಜಾಸ್ತಿಯಾದ್ರೆ ಉಸಿರೇ ನಿಲ್ಲುತ್ತೆ, ಬಿಪಿ ಕುಸಿಯುತ್ತೆ, ಪೋರ್ಫೀರಿಯಾ ಅನ್ನೋ ಅಪರೂಪದ ಕಾಯಿಲೆ ಇರೋರಿಗಂತೂ ಕೊಡ್ಲೇಬಾರ್ದು. ಆಕ್ಸಿಜನ್, ಉಸಿರಾಟದ ಟ್ಯೂಬ್, ಅರಿವಳಿಕೆ ಡಾಕ್ಟರ್ ಪಕ್ಕದಲ್ಲಿದ್ರೆ ಮಾತ್ರ ಇದು ಸೇಫ್.

ಕಾನೂನು ಕೂಡ ಸ್ಪಷ್ಟ. ಬೆಂಗಳೂರಲ್ಲಿ ಒಂದು ಕಾಲದಲ್ಲಿ ನಾರ್ಕೋ ಟೆಸ್ಟ್, ಅಂದ್ರೆ ಇಂಥ ಔಷಧಿ ಕೊಟ್ಟು ಮಂಪರಲ್ಲಿ ಪ್ರಶ್ನೆ ಕೇಳೋದು, ಬಹಳ ನಡೀತಿತ್ತು. 2010ರ ಮೇ 5ರಂದು ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ ಕೇಸಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ದೆ ಯಾರಿಗೂ ಈ ಟೆಸ್ಟ್ ಮಾಡೋ ಹಾಗಿಲ್ಲ ಅಂತು. ಒಪ್ಪಿ ಮಾಡಿಸ್ಕೊಂಡ್ರೂ ಆ ಮಾತೇ ಸಾಕ್ಷಿ ಆಗಲ್ಲ, ಅದರ ಸುಳಿವಿಂದ ಆಮೇಲೆ ಸಿಕ್ಕ ವಸ್ತು ಅಥವಾ ಮಾಹಿತಿಯನ್ನ ಮಾತ್ರ ಕೋರ್ಟ್ ಪರಿಗಣಿಸ್ಬಹುದು.